ಹುಚ್ಚಾಸ್ಪತ್ರೆಯಿಂದ ಮನೋವೈದ್ಯಾಲಯಕ್ಕೆ: ಬೆಂಗಳೂರಿನ ಒಂದು ಕಾರಣಜಿಜ್ಞಾಸೆ

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ, ಹೆಬ್ಬಾಳ, ಯಶವಂತಪುರಗಳು ಹಳ್ಳಿಗಳಾಗಿದ್ದ ಕಾಲದಿಂದಲೂ ಅಲ್ಲಿನ ಜನರಿಗೆ ಮನೋರೋಗದ ಚಿಕಿತ್ಸೆಯೆಂದರೆ ನಗರವನ್ನು ಹಾಯ್ದು ದಕ್ಷಿಣದ ಹೊಸೂರು ರಸ್ತೆಗೆ ಹೋಗುವುದೆಂದೇ ಅರ್ಥ. ಇಂದಿಗೂ ಜಗಳದ ನಡುವೆ ಒಬ್ಬ ಇನ್ನೊಬ್ಬನಿಗೆ ‘ನಿನ್ನನ್ನು ನಿಮ್ಹಾನ್ಸಿಗೆ ಸೇರಿಸಬೇಕು’ ಎನ್ನುವುದುಂಟು. ಸಂಸ್ಥೆಯೊಂದರ ಹೆಸರು ಬೈಗುಳವಾಗಿ ಬಳಕೆಯಾಗುವುದು ವಿಷಾದದ ಸಂಗತಿಯೇ. ಆದರೆ ಅದರ ಹಿಂದೆ ನೂರೆಪ್ಪತ್ತೈದು ವರ್ಷಗಳಿಗೂ ಮೀರಿದ ಇತಿಹಾಸವಿದೆ. ರೋಗಕ್ಕೆ ಯಾವ ಕಾರಣವನ್ನು ಹೇಳುತ್ತೇವೆಯೋ ಅದಕ್ಕೆ ತಕ್ಕಂತೆ ರೋಗಿಯನ್ನು ನಡೆಸಿಕೊಳ್ಳುತ್ತೇವೆ ಎಂಬುದನ್ನು ಆ ಇತಿಹಾಸ ಹೆಜ್ಜೆಹೆಜ್ಜೆಗೂ ತೋರಿಸುತ್ತದೆ.

ಕಾರಣದ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ಚರಕಸಂಹಿತೆಯು ಉನ್ಮಾದವನ್ನು ವಾತ, ಪಿತ್ತ, ಕಫ, ಸನ್ನಿಪಾತ ಮತ್ತು ಆಗಂತುಕ ಎಂದು ಐದಾಗಿ ವಿಂಗಡಿಸುತ್ತದೆ. ವಿರುದ್ಧಾಹಾರದೊಂದಿಗೆ ಭಯ ಅಥವಾ ಅತಿಹರ್ಷದಿಂದ ಮನಸ್ಸಿಗಾಗುವ ಆಘಾತವನ್ನೂ ಅದು ಕಾರಣವಾಗಿ ಹೇಳುತ್ತದೆ. ಸುಶ್ರುತನು ಮಾನಸಿಕ ದುಃಖವನ್ನೂ ವಿಷವನ್ನೂ ಪ್ರತ್ಯೇಕ ಕಾರಣಗಳಾಗಿ ಎಣಿಸಿದ್ದಾನೆ. ವಿಷವೈದ್ಯಕ್ಕೇ ಮೀಸಲಾದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಕನ್ನಡದಲ್ಲಿ ಹದಿನಾಲ್ಕನೆಯ ಶತಮಾನದಲ್ಲಿಯೇ ರಚಿತವಾಯಿತೆಂಬುದನ್ನು ಇಲ್ಲಿ ನೆನೆಯಬಹುದು. ಚರಕನ ಚಿಕಿತ್ಸಾಕ್ರಮದಲ್ಲಿ ಸಾಂತ್ವನದ ಮಾತಿದೆ, ಘೃತಪಾನವಿದೆ. ಮನಸ್ಸನ್ನು ಅಹಿತ ವಿಷಯಗಳಿಂದ ಹಿಂದೆಗೆಯುವ ಸತ್ತ್ವಾವಜಯವೂ ಇದೆ. ಜೊತೆಗೆ ರೋಗಿಯನ್ನು ಕಟ್ಟುವ, ಹೊಡೆಯುವ, ಹಾವು ತೋರಿಸಿ ಹೆದರಿಸುವ ವಿಧಾನಗಳೂ ಇವೆ. ಪ್ರಾಚೀನವಾದುದೆಲ್ಲ ಕರುಣೆಯಿಂದ ಕೂಡಿತ್ತೆಂದು ಹೇಳುವವರು ಈ ಭಾಗವನ್ನು ಸಾಮಾನ್ಯವಾಗಿ ಓದಿರುವುದಿಲ್ಲ.

ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಮಾರ್ಕ್ ಕಬ್ಬನ್ನರ ಆಡಳಿತ ಕಾಲದಲ್ಲಿ, ಹುಚ್ಚರ ಆಶ್ರಯಾಲಯವೊಂದು ಆರಂಭವಾಯಿತು. ಶಸ್ತ್ರವೈದ್ಯ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಇದರ ಮೊದಲಿಗರು. ಅಂದಿನ ಅಂಥ ಆಲಯಗಳ ಮುಖ್ಯ ಕೆಲಸ ಗುಣಪಡಿಸುವುದಕ್ಕಿಂತ ಕೂಡಿಹಾಕುವುದಾಗಿತ್ತು. ಬೀದಿಯಲ್ಲಿ ಸಿಕ್ಕವರನ್ನು ಪೊಲೀಸರು ತಂದೊಪ್ಪಿಸುತ್ತಿದ್ದರು.

ಬ್ರಿಟಿಷ್ ಭಾರತದ ಆಶ್ರಯಾಲಯಗಳ ದಾಖಲೆಪುಸ್ತಕಗಳಲ್ಲಿ ‘ಕಾರಣ’ ಎಂಬ ಒಂದು ಅಂಕಣವಿತ್ತು. ಅದನ್ನು ತುಂಬಲೇಬೇಕಾಗಿತ್ತು. ರೋಗಿಯ ಪೂರ್ವೋತ್ತರಗಳು ತಿಳಿಯದಿದ್ದಾಗ ಪೊಲೀಸರು ಕೊಟ್ಟ ವಿವರವೇ ಅಲ್ಲಿಗೆ ಇಳಿಯುತ್ತಿತ್ತು. ಎಷ್ಟೋ ವೇಳೆ ಆ ವಿವರ ‘ಗಾಂಜಾ’ ಎಂಬ ಒಂದೇ ಪದ. ಹೀಗೆ ಬೆಳೆದ ಅಂಕಿಅಂಶಗಳು ಗಾಂಜಾ ಸೇವನೆಯೇ ಭಾರತೀಯರ ಹುಚ್ಚಿನ ಮೂಲವೆಂಬ ನಂಬಿಕೆಯನ್ನು ಗಟ್ಟಿಗೊಳಿಸಿದವು. 1893-94ರ ಭಾರತೀಯ ಗಾಂಜಾ ಆಯೋಗವು ಈ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವು ನಂಬಲರ್ಹವಲ್ಲವೆಂದು ತೀರ್ಮಾನಿಸಿತು. ಕಾರಣವೆಂದು ಬರೆದದ್ದು ಗುಮಾಸ್ತನ ಲೇಖನಿಯಿಂದ ಹುಟ್ಟಿದ್ದು, ವೈದ್ಯನ ಪರೀಕ್ಷೆಯಿಂದಲ್ಲ. ಆ ಅಂಕಣದಲ್ಲಿ ರೋಗಿಯ ಮನೆಯ ಬಡತನವಾಗಲಿ, ಸಾವುನೋವಾಗಲಿ ದಾಖಲಾಗುವ ಅವಕಾಶ ಎಷ್ಟಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

1925ರಲ್ಲಿ ಬೆಂಗಳೂರಿನ ಆಶ್ರಯಾಲಯ ‘ಮಾನಸಿಕ ಆಸ್ಪತ್ರೆ’ಯಾಯಿತು. ಹೆಸರಿನ ಬದಲಾವಣೆ ಚಿಕ್ಕದೆನಿಸಿದರೂ ಅರ್ಥ ದೊಡ್ಡದು: ಕೂಡಿಹಾಕಬೇಕಾದವನು ರೋಗಿಯಾದನು. ಡಾ. ಫ್ರಾಂಕ್ ನೊರೋನ್ಹಾ ಅವರ ಪ್ರಯತ್ನ ಮತ್ತು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರ ಬೆಂಬಲದಿಂದ 1930ರ ದಶಕದ ಉತ್ತರಾರ್ಧದಲ್ಲಿ ಆಸ್ಪತ್ರೆ ಪೇಟೆಯ ಇಕ್ಕಟ್ಟನ್ನು ಬಿಟ್ಟು ಹೊಸೂರು ರಸ್ತೆಯ ವಿಶಾಲವಾದ ಜಾಗಕ್ಕೆ ಬಂದಿತು. ಆಗ ಭಾರತದ ಮಾನಸಿಕ ಆಸ್ಪತ್ರೆಗಳನ್ನು ನೋಡಲು ಬಂದಿದ್ದ ಲಂಡನ್ನಿನ ಮನೋವೈದ್ಯ ಎಡ್ವರ್ಡ್ ಮೇಪೋಥರ್ ಉಳಿದವುಗಳ ಬಗ್ಗೆ ಕಟುವಾಗಿ ಬರೆದರೂ ಬೆಂಗಳೂರನ್ನು ಮೆಚ್ಚಿಕೊಂಡರು.

ನೊರೋನ್ಹಾ ಅವರ ನಂತರ ಬಂದ ಡಾ. ಎಂ. ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ ಯುರೋಪಿನ ಹೊಸ ಚಿಕಿತ್ಸೆಗಳು ಇಲ್ಲಿಗೂ ಬಂದವು. ಕಾರ್ಡಿಯಜೋಲ್ ಚುಚ್ಚುಮದ್ದಿನಿಂದ ಸೆಳವು ಬರಿಸುವುದು, ಬಳಿಕ ವಿದ್ಯುತ್ ಚಿಕಿತ್ಸೆ, ಇವೆಲ್ಲ ರೋಗದ ಮೂಲ ಮಿದುಳಿನಲ್ಲಿದೆ ಎಂಬ ನಂಬಿಕೆಯ ಫಲ. ಗೋವಿಂದಸ್ವಾಮಿಯವರು ಅಷ್ಟಕ್ಕೇ ನಿಲ್ಲಲಿಲ್ಲ. ಭಾರತೀಯ ದರ್ಶನಗಳಲ್ಲಿಯೂ ಮನಶ್ಶಾಸ್ತ್ರದಲ್ಲಿಯೂ ಅವರಿಗೆ ಆಸಕ್ತಿಯಿತ್ತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾದಾಗ ಅವರೇ ಮೊದಲ ನಿರ್ದೇಶಕರು. 1974ರ ಡಿಸೆಂಬರ್ 27ರಂದು ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಈ ನಡುವೆ, 1952ರ ಸುಮಾರಿಗೆ, ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದಿತು. ನಮ್ಮ ಸರ್ಪಗಂಧಿಯಿಂದ ರೆಸರ್ಪಿನ್ ಪ್ರತ್ಯೇಕಗೊಂಡಿತು. ಸರ್ಪಗಂಧಿಯ ಗುಣವನ್ನು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿಯೇ ಬರೆದಿದ್ದರು. ಜಗತ್ತು ಅದನ್ನು ಗಮನಿಸಲು ಎರಡು ದಶಕ ಬೇಕಾಯಿತು.

ಆದರೆ ಆಸ್ಪತ್ರೆಯ ಗೋಡೆಯೊಳಗೆ ಕಾಣದ ಕಾರಣಗಳೂ ಇದ್ದವು. ಕರಾವಳಿಯ ಕೋಟ ಗ್ರಾಮದಲ್ಲಿ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳನ್ನು ಅಧ್ಯಯನ ಮಾಡಿದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ತಮ್ಮ ಗ್ರಂಥವನ್ನು 1976ರಲ್ಲಿ ಪ್ರಕಟಿಸಿದರು. ಅಲ್ಲಿನ ಜನ ಮಂತ್ರವಾದಿಯ ಬಳಿಗೂ ವೈದ್ಯರ ಬಳಿಗೂ ಹೋಗುತ್ತಿದ್ದರು. ಅದರಲ್ಲಿ ಅವರಿಗೆ ವಿರೋಧ ಕಾಣುತ್ತಿರಲಿಲ್ಲ. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಮಂತ್ರವಾದಿ ರೋಗಿಯ ಮನೆಯವರನ್ನು ಕೂರಿಸಿಕೊಂಡು ಕೇಳುವಷ್ಟು ಹೊತ್ತು ಎಷ್ಟು ಜನ ವೈದ್ಯರು ಕೇಳುತ್ತಾರೆ? ಹಾಗೆಂದು ಆ ದಾರಿಯ ಕೊನೆಯಲ್ಲಿ ಸರಪಳಿಯೂ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ 25ಕ್ಕೂ ಹೆಚ್ಚು ರೋಗಿಗಳು ಓಡಲಾಗದೆ ಸತ್ತರು.

ಮನೆಯವರನ್ನೇ ಚಿಕಿತ್ಸೆಯಲ್ಲಿ ಸೇರಿಸುವ ಪ್ರಯೋಗ 1950ರ ದಶಕದಲ್ಲಿ ಅಮೃತಸರದಲ್ಲಿ ನಡೆಯಿತು. ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳೊಂದಿಗೆ ಬಂಧುಗಳನ್ನೂ ಉಳಿಸಿಕೊಂಡರು. ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಕೆಲಸ ನಿಮ್ಹಾನ್ಸಿನ ಸಕಲವಾರ ಕೇಂದ್ರದಿಂದ ಶುರುವಾಗಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ತರಬೇತಿ ಪಡೆದು ಔಷಧ ಕೊಡುವ ಈ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು.

ಕನ್ನಡ ಸಾಹಿತ್ಯವೂ ಈ ವಿಷಯದಲ್ಲಿ ಸುಮ್ಮನೆ ಕುಳಿತಿರಲಿಲ್ಲ. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ರಾಶಿ, ಅಂದರೆ ವೈದ್ಯರಾದ ಡಾ. ಎಂ. ಶಿವರಾಂ, ‘ಮನಮಂಥನ’ವನ್ನು ಬರೆದರು, 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಥೆ ಕಾದಂಬರಿಗಳಿಗೆ ಸಲ್ಲುವ ಗೌರವ ಮನೋವೈದ್ಯದ ಕೃತಿಗೆ ಸಂದದ್ದು ವಿಶೇಷ. ನಂತರ ಡಾ. ಸಿ. ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ಮನೆಮನೆಯನ್ನು ತಲುಪಿದವು. ಖಿನ್ನತೆ, ಗೀಳು, ಆತಂಕ ಎಂಬ ಪದಗಳು ರೋಗದ ಹೆಸರುಗಳಾಗಿ ಓದುಗರಿಗೆ ಪರಿಚಯವಾದದ್ದು ಬಹುಮಟ್ಟಿಗೆ ಇಂಥ ಬರವಣಿಗೆಯಿಂದ.

ಇಂದಿನ ಮನೋವೈದ್ಯ ಯಾವುದೇ ಒಂದನ್ನು ಕಾರಣವೆಂದು ಹೇಳುವುದಿಲ್ಲ. ವಂಶದಿಂದ ಬಂದ ದೌರ್ಬಲ್ಯ, ಮಿದುಳಿನ ರಾಸಾಯನಿಕ ವ್ಯತ್ಯಾಸ, ಬಾಲ್ಯದ ಆಘಾತ, ಮದ್ಯ, ಸಾಲ, ಒಂಟಿತನಗಳು ಒಂದರೊಡನೊಂದು ಹೆಣೆದುಕೊಂಡಿರುತ್ತವೆ. 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಯಾವುದಾದರೂ ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ದೊರೆತಿರಲಿಲ್ಲ. 2017ರ ಕಾಯಿದೆ ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು ನಿಷೇಧಿಸಿತು. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದು ವಿಧಿಸಿತು. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಕರ್ನಾಟಕದ ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಾಗಿದೆ. ಹೊಸೂರು ರಸ್ತೆಯ ದಾರಿ ಹಿಡಿಯಲು ಹಿಂಜರಿಯುವ ಮನೆಯವರೂ ಜ್ವರ, ಕೆಮ್ಮಿನವರ ಸಾಲಿನಲ್ಲಿಯೇ ನಿಂತು ಅಲ್ಲಿ ಚೀಟಿ ಪಡೆಯಬಹುದು.