ಎಳೆಯ ಆಕ್ಸಲಾಟಲ್‌ಗಳ ಆಹಾರ ಮತ್ತು ಆರೋಗ್ಯ

ಆಕ್ಸಲಾಟಲ್ (ವೈಜ್ಞಾನಿಕ ಹೆಸರು: ಆಂಬಿಸ್ಟೊಮ ಮೆಕ್ಸಿಕಾನಮ್) ಮೆಕ್ಸಿಕೊ ದೇಶದ ಒಂದು ಉಭಯವಾಸಿ. ಇದು ಸಾಲಮ್ಯಾಂಡರ್ ಗುಂಪಿಗೆ ಸೇರಿದೆ. ಕಪ್ಪೆಯ ಗೊದಮೊಟ್ಟೆ ಕಿವಿರು ಕಳೆದುಕೊಂಡು ನೆಲಕ್ಕೇರುವಂತೆ ಆಕ್ಸಲಾಟಲ್ ಸಾಮಾನ್ಯವಾಗಿ ರೂಪಾಂತರ ಹೊಂದುವುದಿಲ್ಲ. ಪ್ರೌಢಾವಸ್ಥೆಯಲ್ಲಿಯೂ ಗರಿಯಂತಹ ಕಿವಿರುಗಳನ್ನು ಉಳಿಸಿಕೊಂಡು ನೀರಿನಲ್ಲಿಯೇ ಬಾಳುತ್ತದೆ. ಆದ್ದರಿಂದ ಸಾಕುಮರಿಯ ಆರೋಗ್ಯವು ಆಹಾರದಷ್ಟೇ ನೀರಿನ ಶುದ್ಧತೆಯನ್ನೂ ಅವಲಂಬಿಸಿದೆ.

ಹಿನ್ನೆಲೆ

ಇದರ ನೈಸರ್ಗಿಕ ನೆಲೆ ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳು. ಅಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000ದಷ್ಟಿದ್ದ ಇವುಗಳ ಸಂಖ್ಯೆ 2014ರ ವೇಳೆಗೆ ಸುಮಾರು 36ಕ್ಕೆ ಕುಸಿಯಿತು. ನೀರಿನ ಮಾಲಿನ್ಯ ಹಾಗೂ ಹೊರಗಿನಿಂದ ತಂದುಬಿಟ್ಟ ತಿಲಾಪಿಯ, ಕಾರ್ಪ್ ಮೀನುಗಳು ಇದಕ್ಕೆ ಮುಖ್ಯ ಕಾರಣಗಳು. 1864ರಲ್ಲಿ ಪ್ಯಾರಿಸ್ಸಿಗೆ ಬಂದ ಜೀವಂತ ಆಕ್ಸಲಾಟಲ್‌ಗಳಿಂದ ಪ್ರಾಣಿವಿಜ್ಞಾನಿ ಆಗ್ಯುಸ್ತ್ ದ್ಯುಮೆರಿಲ್ ಸಂತಾನ ಪಡೆದರು. ಅಂದಿನಿಂದ ಇವು ಪ್ರಯೋಗಾಲಯಗಳಲ್ಲಿಯೂ ಮನೆಗಳಲ್ಲಿಯೂ ಬೆಳೆಯುತ್ತಿವೆ.

ಆಹಾರ

ಗೊದಮೊಟ್ಟೆಯಂತೆ ಪಾಚಿ ತಿನ್ನದ ಆಕ್ಸಲಾಟಲ್ ಮರಿ ಹುಟ್ಟಿನಿಂದಲೇ ಮಾಂಸಾಹಾರಿ. ಮೊಟ್ಟೆಯೊಡೆದ ಮೊದಲ ಒಂದೆರಡು ದಿನ ಹೊಟ್ಟೆಯಲ್ಲಿ ಉಳಿದ ಭಂಡಾರವೇ ಅದಕ್ಕೆ ಸಾಕಾಗುತ್ತದೆ. ಅನಂತರ ಅದು ಚಲಿಸುವುದನ್ನು ಮಾತ್ರ ಬೇಟೆಯೆಂದು ಗುರುತಿಸುವುದರಿಂದ, ಸತ್ತ ಅಥವಾ ಒಣ ಆಹಾರದ ನಡುವೆಯೂ ಹಸಿವಿನಿಂದ ಸಾಯಬಹುದು. ಈ ಹಂತದಲ್ಲಿ ಆಗತಾನೆ ಹುಟ್ಟಿದ ಆರ್ಟೀಮಿಯ ಸೀಗಡಿಮರಿಗಳನ್ನು ಅಥವಾ ಡ್ಯಾಫ್ನಿಯಗಳನ್ನು ಪ್ರತಿದಿನ ನೀಡಬೇಕು. ಉಪ್ಪುನೀರಿನ ಜೀವಿಯಾದ ಆರ್ಟೀಮಿಯ ಸಿಹಿನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಸತ್ತು ಕೊಳೆಯುವುದರಿಂದ, ಉಳಿದದ್ದನ್ನು ಅದೇ ದಿನ ತೆಗೆಯಬೇಕು.

ಮೊದಲು ಮುಂಗಾಲುಗಳು, ಬಳಿಕ ಹಿಂಗಾಲುಗಳು ಮೂಡುತ್ತವೆ. ಮರಿ ಸುಮಾರು 5 ಸೆಂ.ಮೀ. ಉದ್ದವಾದಾಗ ಸಣ್ಣಗೆ ಕತ್ತರಿಸಿದ ಎರೆಹುಳುವನ್ನು ಕೊಡಲಾರಂಭಿಸಬಹುದು. ಎರೆಹುಳುವು ಕೀಟನಾಶಕ ಸಿಂಪಡಿಸದ ಮಣ್ಣಿನದಾಗಿರಬೇಕು. ಎಳೆಯವಕ್ಕೆ ದಿನವೂ ಆಹಾರ ಬೇಕು. ಬೆಳೆದವಕ್ಕೆ ವಾರಕ್ಕೆ ಎರಡು ಮೂರು ಸಲ ಸಾಕು. ಅಂಗಡಿಯ ಮೀನುಗಳಿಂದ ಪರಾವಲಂಬಿಗಳು ಹರಡುವ ಸಂಭವವಿದೆ.

ಆರೋಗ್ಯ ಸಮಸ್ಯೆಗಳು

ಗಾಯಗಳು: ಕಿಕ್ಕಿರಿದ, ಹಸಿದ ಮರಿಗಳು ಒಂದರ ಕಾಲನ್ನು ಮತ್ತೊಂದು ಕಚ್ಚಿ ತಿನ್ನುತ್ತವೆ. ಕಳೆದುಹೋದ ಅಂಗ ಮತ್ತೆ ಬೆಳೆಯುತ್ತದೆಯಾದರೂ ಗಾಯಕ್ಕೆ ಸೋಂಕು ತಗಲಬಹುದು. ಗಾಯಗೊಂಡ ಮರಿಯನ್ನು ಪ್ರತ್ಯೇಕಿಸುವುದು ಲೇಸು.

ಕರುಳಿನ ತಡೆ: ಆಕ್ಸಲಾಟಲ್ ಬಾಯಿ ತೆರೆದು ನೀರಿನೊಡನೆ ಬೇಟೆಯನ್ನು ಹೀರಿಕೊಳ್ಳುತ್ತದೆ. ತೊಟ್ಟಿಯ ತಳದಲ್ಲಿ ಜಲ್ಲಿಕಲ್ಲು ಇದ್ದರೆ ಅದೂ ಹೊಟ್ಟೆ ಸೇರಿ ಪ್ರಾಣಾಪಾಯ ಉಂಟಾಗಬಹುದು. ಮರಿಗಳಿಗೆ ಬರಿಯ ತಳವೇ ಕ್ಷೇಮ.

ನೀರಿನ ದೋಷ: ಅಮೋನಿಯ ಮತ್ತು ನೈಟ್ರೈಟ್ ಸಂಪೂರ್ಣ ಇಲ್ಲದಿರಬೇಕು; ನಲ್ಲಿನೀರಿನ ಕ್ಲೋರಿನ್ ತೆಗೆದಿರಬೇಕು. ಕಿವಿರುಗಳು ಮುಂದಕ್ಕೆ ಬಾಗುವುದು, ಬಾಲದ ತುದಿ ಕೊಕ್ಕೆಯಾಗುವುದು, ಆಹಾರ ನಿರಾಕರಣೆ ಇವು ಒತ್ತಡದ ಲಕ್ಷಣಗಳು. ಇಂತಹ ಸಂದರ್ಭದಲ್ಲಿ ಔಷಧಕ್ಕೆ ಮೊದಲು ನೀರನ್ನು ಪರೀಕ್ಷಿಸಬೇಕು.

ಉಷ್ಣತೆ: 16ರಿಂದ 18 ಡಿಗ್ರಿ ಸೆಲ್ಸಿಯಸ್ ಹಿತಕರ, 24 ಡಿಗ್ರಿ ಮೀರಿದರೆ ಅಪಾಯ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ರೋಗಾಣುಗಳು ಹೆಚ್ಚುತ್ತವೆ. ಬಯಲುಸೀಮೆಯ ಬೇಸಿಗೆಯಂತಹ ಹವೆಯಲ್ಲಿ ನೀರು ತಂಪಾಗಿಸುವ ಸಾಧನವಿಲ್ಲದೆ ಇದನ್ನು ಸಾಕುವುದು ಸೂಕ್ತವಲ್ಲ.

ಶಿಲೀಂಧ್ರ: ಕಿವಿರು ಅಥವಾ ಗಾಯದ ಮೇಲೆ ಹತ್ತಿಯಂತಹ ಬಿಳಿಯ ಬೆಳವಣಿಗೆ ಕಾಣುತ್ತದೆ. ಆಕ್ಸಲಾಟಲ್‌ನ ತೆಳುಚರ್ಮ ನೀರಿನಲ್ಲಿ ಕರಗಿದ್ದನ್ನು ಹೀರಿಕೊಳ್ಳುವುದರಿಂದ ಮೀನಿನ ಔಷಧಗಳು, ವಿಶೇಷವಾಗಿ ತಾಮ್ರವಿರುವಂಥವು, ವಿಷವಾಗಬಲ್ಲವು. ಪಶುವೈದ್ಯರ ಸಲಹೆ ಪಡೆದೇ ಚಿಕಿತ್ಸೆ ಮಾಡಬೇಕು.

ಸಾಕಿದ ಆಕ್ಸಲಾಟಲ್ ಉತ್ತಮ ಆರೈಕೆಯಲ್ಲಿ 10ರಿಂದ 15 ವರ್ಷ ಬಾಳುತ್ತದೆ.