ಸದಾರಮೆ ತೆರೆಗೆ ಬಂದ ಕಾಲ

ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರನ್ನಾಳುತ್ತಿದ್ದ ದಿನಗಳವು. ಇಂದು ಎಸ್.ಎಸ್. ಬಡಾವಣೆಯವರೆಗೂ ಮನೆಗಳು ಹಬ್ಬಿರುವ ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ಹತ್ತಿ ಪೇಟೆ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯ. ಸಂಸ್ಥಾನದ ಎಲ್ಲೆ ಹೊಳೆಗೇ ಮುಗಿಯುತ್ತಿತ್ತು. ನಾಟಕದ ಕಂಪನಿಗಳಿಗೆ ಅದರ ಹಂಗಿರಲಿಲ್ಲ. ಸುಗ್ಗಿ ನೋಡಿ ಕ್ಯಾಂಪ್ ಹಾಕುವರು, ಜನ ಕರಗಿದರೆ ಗಂಟುಮೂಟೆ ಕಟ್ಟುವರು.

ಅಂಥ ಕಾಲಕ್ಕೆ ಟಾಕಿ ಬಂತು. ಪೆಟ್ರೋಲ್ ಬಂಕ್ ಇಟ್ಟ ಮೂವರು ಗೆಳೆಯರು ಒಬ್ಬಳೇ ಹುಡುಗಿಗೆ ಮನಸೋಲುವ ಕಥೆಯನ್ನು ನಿರ್ದೇಶಕ ವಿಲ್ಹೆಲ್ಮ್ ಥೀಲೆ 1930ರಲ್ಲೇ ಹಾಡು, ಕುಣಿತ ತುಂಬಿ ತೆಗೆದು ಜರ್ಮನಿಯನ್ನು ರಂಜಿಸಿದ್ದ. ಆದರೆ ನಮ್ಮ ಮೊದಲ ಟಾಕಿಗಳಾದ ‘ಸತಿ ಸುಲೋಚನ’, ‘ಭಕ್ತ ಧ್ರುವ’ ಎರಡೂ 1934ರವು, ಎರಡೂ ಪುರಾಣದವು. ಪ್ರೇಮದ ಗೋಜಲಿಗೆ ಕನ್ನಡ ತೆರೆ ಸಿಕ್ಕಿದ್ದು 1935ರಲ್ಲಿ, ರಾಜಾ ಚಂದ್ರಶೇಖರ್ ನಿರ್ದೇಶನದ ‘ಸದಾರಮೆ’ಯಿಂದ.

ಕಥೆ ಬೆಳ್ಳಾವೆ ನರಹರಿ ಶಾಸ್ತ್ರಿಗಳ ನಾಟಕದ್ದು. ವರ್ತಕನ ಮಗಳು ಸದಾರಮೆಗೆ ರಾಜಕುಮಾರ ಜಯವೀರ ಸೋಲುತ್ತಾನೆ, ಹೆಣ್ಣಿನ ಕಡೆಯವರು ರಾಜ್ಯವನ್ನೇ ಕೇಳುತ್ತಾರೆ, ದಂಪತಿ ಬೀದಿಪಾಲಾಗುತ್ತಾರೆ. ಪರರಾಜನ ಕಣ್ಣು, ಕಳ್ಳನ ಕೈ ಎರಡನ್ನೂ ತಪ್ಪಿಸಿಕೊಂಡ ಸದಾರಮೆ ಗಂಡುವೇಷ ತೊಟ್ಟರೆ, ಆ ವೇಷಕ್ಕೇ ಹೆಣ್ಣು ಕೊಡುವವರು ಹುಟ್ಟಿಕೊಳ್ಳುತ್ತಾರೆ! ಮೂವರು ಗೆಳೆಯರ ತೊಡಕು ಇದರ ಮುಂದೆ ಏನೂ ಅಲ್ಲ.

ತೆರೆಯ ಸದಾರಮೆ ಕೆ. ಅಶ್ವತ್ಥಮ್ಮ, ಇಂಪಾದ ಕಂಠದ ನಟಿ. ಆದರೆ ಜನ ಕಾದದ್ದು ನಾಟಕ ಕಂಪನಿಯ ಒಡೆಯ, ನಟ ಗುಬ್ಬಿ ವೀರಣ್ಣನವರಿಗಾಗಿ. ರಂಗದ ಮೇಲೆ ಅವರ ಕಳ್ಳ ಸದಾರಮೆಯನ್ನು ಕದ್ದೊಯ್ಯುವ ಭರದಲ್ಲೇ ತನ್ನ ಮನೆತನದ ಬಡಾಯಿ ಕೊಚ್ಚುವನು. ಅವಳು ಹೂಂಗುಟ್ಟುತ್ತ ಅವನನ್ನೇ ಮರುಳು ಮಾಡುವಳು. ಊರಿನ ಸುದ್ದಿಯೊಂದನ್ನು ಹೆಕ್ಕಿ ಸಂಭಾಷಣೆಗೆ ಸೇರಿಸುವುದು ವೀರಣ್ಣನವರಿಗೆ ನೀರು ಕುಡಿದಷ್ಟು ಸುಲಭ. ಹಾಡಿಗೆ ‘ಒನ್ಸ್ ಮೋರ್’ ಕೂಗಿದರೆ ಕಾಲು ಹಾರ್ಮೋನಿಯಂ ಮತ್ತೆ ಎದ್ದೇಳುತ್ತಿತ್ತು. ಸತ್ತ ಪಾತ್ರಧಾರಿ ಎದ್ದು ಹಾಡಿದ ಕಥೆಗಳೂ ಕಂಪನಿಗಳಲ್ಲಿ ಉಂಟು.

ಟಾಕಿಗೆ ಈ ದಾಕ್ಷಿಣ್ಯವಿಲ್ಲ. ಎಷ್ಟೇ ಕೂಗಿದರೂ ರೀಲು ಮುಂದಕ್ಕೇ ಓಡುವುದು. ದಾವಣಗೆರೆಯ ಮಾತು ಹರಿಹರಕ್ಕೂ ಅದೇ, ಮದರಾಸಿಗೂ ಅದೇ. ವೀರಣ್ಣನವರು ಸಿನಿಮಾಕ್ಕೆ ದುಡ್ಡು ಸುರಿದರು, ಚಿತ್ರಮಂದಿರ ನಡೆಸಿದರು, ಆದರೂ ನಾಟಕದ ಕಂಪನಿ ಬಿಡಲಿಲ್ಲ. ನನಗೆ ಇದು ಹಳೆಯ ಕಾಲದ ಮೋಹವೆನಿಸುವುದಿಲ್ಲ, ಕಸುಬು ಬಲ್ಲವನ ಲೆಕ್ಕಾಚಾರ. ದಾವಣಗೆರೆಯ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಕಂಪನಿಯೂ ಟಾಕಿಗೆ ಅಂಜಿ ಪರದೆ ಮಡಚಲಿಲ್ಲ. ಮಗಳು ಲೀಲಾ ಮುಂದೆ ಅದನ್ನು ನಡೆಸಿದರು, ಸಿನಿಮಾದಲ್ಲೂ ನಟಿಸಿದರು. ‘ಸದಾರಮೆ’ಯನ್ನು 1956ರಲ್ಲಿ ನಿರ್ದೇಶಕ ಕು.ರ.ಸೀ. ಮತ್ತೊಮ್ಮೆ ತೆರೆಗೆ ತಂದರು.