ಪಿಕಾಚು ಮಿಂಚಿದ ಆ ಸಂಜೆ

ಇವತ್ತಿನ ಕತೆ ಒಂದು ಕಾರ್ಟೂನ್‌ನದ್ದು.

1997ರ ಡಿಸೆಂಬರ್ 16, ಮಂಗಳವಾರ. ಜಪಾನ್‌ನಲ್ಲಿ ಸಂಜೆ ಆರೂವರೆ. ಟಿವಿ ಟೋಕಿಯೋ ವಾಹಿನಿಯಲ್ಲಿ ಪೋಕೆಮಾನ್‌ನ 38ನೇ ಕಂತು ಶುರುವಾಯ್ತು. ಸುಮಾರು ಇಪ್ಪತ್ತು ನಿಮಿಷ ಆದ್ಮೇಲೆ ಪಿಕಾಚು ತನ್ನ ಮಿಂಚಿನಿಂದ ಕ್ಷಿಪಣಿಗಳನ್ನು ಸಿಡಿಸುತ್ತೆ. ಪರದೆ ತುಂಬಾ ಕೆಂಪು, ನೀಲಿ, ಕೆಂಪು, ನೀಲಿ. ಸೆಕೆಂಡಿಗೆ ಸುಮಾರು 12 ಸಲ. ಇದೆಲ್ಲ ಕೆಲವೇ ಸೆಕೆಂಡು, ಅಷ್ಟೇ.

ಆದರೆ ಅಷ್ಟಕ್ಕೇ ಮನೆ ಮನೆಗಳಲ್ಲಿ ಮಕ್ಕಳು ಕುಸಿದುಬಿದ್ದರು. ಕೆಲವರಿಗೆ ತಲೆನೋವು, ವಾಕರಿಕೆ. ಕೆಲವರಿಗೆ ನಿಜವಾದ ಫಿಟ್ಸ್. ಅದರಲ್ಲಿ ಎಷ್ಟೋ ಮಕ್ಕಳಿಗೆ ಅದಕ್ಕೂ ಮುಂಚೆ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ. ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಹೋದವರು 685 ಮಂದಿ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆದರೆ ರಾತ್ರಿ ಸುದ್ದಿಯಲ್ಲಿ ಅದೇ ದೃಶ್ಯವನ್ನು ಮತ್ತೆ ತೋರಿಸಿದರು, ಇನ್ನಷ್ಟು ಜನ ಅಸ್ವಸ್ಥರಾದರು!

ಹೀಗ್ಯಾಕೆ ಆಗುತ್ತೆ? ನಾನು ಓದಿದ್ದು ಬಿ.ಕಾಂ., ಹಾಗಾಗಿ ನನಗೆ ಅರ್ಥವಾದ ಹಾಗೆ ಹೇಳ್ತೀನಿ. ನಮ್ಮ ಮೆದುಳಿನ ನರಕೋಶಗಳು ಸಂತೆಯ ಜನರ ಥರ. ಅವರವರ ಕೆಲಸ ಅವರವರದ್ದು. ಮಿನುಗುವ ಬೆಳಕು ತಮಟೆ ಏಟಿನ ಥರ. ಕೆಲವರ ಮೆದುಳಲ್ಲಿ ಆ ಏಟಿಗೆ ಇಡೀ ಸಂತೆಯೇ ಒಂದೇ ಹೆಜ್ಜೆ ಹಾಕೋಕೆ ಶುರು ಮಾಡುತ್ತೆ. ಅದೇ ಫಿಟ್ಸ್. ಮೂರ್ಛೆರೋಗ ಇರೋ 100 ಜನರಲ್ಲಿ ಸುಮಾರು 3 ಮಂದಿಗೆ ಬೆಳಕಿನಿಂದ ಹೀಗಾಗುತ್ತೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಜಾಸ್ತಿ. ಕಡುಗೆಂಪು ಬೆಳಕಾದರೆ ಅಪಾಯ ಇನ್ನೂ ಹೆಚ್ಚು.

ನನಗೆ ಚುಚ್ಚೋ ವಿಷಯ ಇದು: ಈ ಅಪಾಯ ಆಗಲೇ ಗೊತ್ತಿತ್ತು. 1993ರಲ್ಲಿ ಬ್ರಿಟನ್‌ನಲ್ಲಿ ಒಂದು ನೂಡಲ್ಸ್ ಜಾಹೀರಾತು ನೋಡಿ ಮೂವರಿಗೆ ಫಿಟ್ಸ್ ಬಂದಿತ್ತು. ಅಲ್ಲಿ ಟಿವಿಗೆ ನಿಯಮ ಬಂತು: ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿನುಗು ಬೇಡ. ಜಪಾನ್‌ಗೆ ಅಂಥ ನಿಯಮ ಬಂದಿದ್ದು 1998ರ ಏಪ್ರಿಲ್‌ನಲ್ಲಿ, 685 ಮಂದಿ ಆಸ್ಪತ್ರೆ ಸೇರಿದ ಮೇಲೆ. ಅನಿಮೆ ನೋಡೋರು ಗಮನಿಸಿರಬಹುದು, ಶುರುವಲ್ಲಿ ‘ಕೋಣೆಯಲ್ಲಿ ಬೆಳಕಿರಲಿ, ಟಿವಿಯಿಂದ ದೂರ ಕೂತು ನೋಡಿ’ ಅಂತ ಸೂಚನೆ ಬರುತ್ತೆ. ಅದರ ಹಿಂದಿರೋದು ಈ ಸಂಜೆ.

ಆಗ ಟಿವಿಗೆ ಒಬ್ಬ ಬಾಗಿಲು ಕಾಯೋನನ್ನು ನಿಲ್ಲಿಸಿದ್ರು. ಈಗ ನಮ್ಮ ಜೇಬಲ್ಲೇ ಒಂದೊಂದು ಟಿವಿ ಸ್ಟೇಷನ್ ಇದೆ, ಬಾಗಿಲಲ್ಲಿ ಯಾರೂ ಇಲ್ಲ. 2019ರ ನವೆಂಬರ್‌ನಲ್ಲಿ ಕಿಡಿಗೇಡಿಗಳು ಅಮೆರಿಕದ ಎಪಿಲೆಪ್ಸಿ ಫೌಂಡೇಶನ್‌ನ ಟ್ವಿಟರ್ ಖಾತೆಯನ್ನು ಹಿಂಬಾಲಿಸುವವರಿಗೆ ಬೇಕಂತಲೇ ಮಿನುಗುವ ಚಿತ್ರ ಕಳಿಸಿದ್ರು. ಬ್ರಿಟನ್ 2023ರ ಕಾನೂನಿನಲ್ಲಿ ಇಂಥದ್ದನ್ನು ಅಪರಾಧ ಅಂತ ಮಾಡ್ತು.

ಅದಕ್ಕೇ ನಿಮಗೊಂದು ಮಾತು. ರೀಲ್ಸ್ ಎಡಿಟ್ ಮಾಡುವಾಗ ಸ್ಟ್ರೋಬ್ ಎಫೆಕ್ಟ್ ಹಾಕೋ ಮುಂಚೆ ‘ಸೆಕೆಂಡಿಗೆ ಮೂರು’ ನೆನಪಿಸಿಕೊಳ್ಳಿ. ನೋಡುವಾಗ ಪರದೆ ಮಿನುಗಿ ತಲೆ ಹೇಗೋ ಆದ್ರೆ, ಅಂಗೈಯಿಂದ ಒಂದು ಕಣ್ಣು ಪೂರ್ತಿ ಮುಚ್ಚಿ ಮುಖ ತಿರುಗಿಸಿ. ಬರೀ ರೆಪ್ಪೆ ಮುಚ್ಚಿದ್ರೆ ಸಾಲದು, ಬೆಳಕು ಅದನ್ನೂ ದಾಟುತ್ತೆ. ಆಮೇಲೆ ಡಾಕ್ಟರ್‌ಗೆ ತೋರಿಸಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.